ಮದುವೆ ಕಾಗದಕ್ಕೆ ಹತ್ತು ಪರ್ಸೆಂಟ್

ಮದುವೆಯ ಆಮಂತ್ರಣದ ಕಾಗದ ತೋರಿಸಿದವರಿಗೆ ಡಿಸ್ಕೌಂಟಿನ ಮೇಲೆ ಇನ್ನೂ ಹತ್ತು ಪರ್ಸೆಂಟ್ ಕಡಿಮೆ, ಅದು ಮೂಡುಬಿದಿರೆಯ ಆ ಸೀರೆ ಅಂಗಡಿಯ ಪದ್ಧತಿ. ಕ್ಯಾಶ್ ಕೌಂಟರಿನ ಪ್ರಾಪ್ತಿ ಐದು ವರ್ಷಗಳಲ್ಲಿ ಎಷ್ಟೋ ಕಾಗದ ನೋಡಿದವಳು. ಇವತ್ತಿನ ಕಾಗದದಲ್ಲಿ ಭವಿತ್‌ನ ಹೆಸರಿತ್ತು.

ಅದನ್ನು ಚಾಚಿದ ಕೈಯೂ ಅವನದೇ. ದುಬೈಗೆ ಹೋಗುವ ಮೊದಲು ಎರಡು ವರ್ಷ ಇದೇ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುತ್ತಿದ್ದವನು. ಅವನ ಹುಡುಗಿ, ಅಳದಂಗಡಿಯ ವಿಸ್ಮಿತಾ, ಕನ್ನಡಿಯ ಮುಂದೆ ಕೆಂಪು ರೇಷ್ಮೆಯನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಚೆಂದದ ಹುಡುಗಿ. ಪ್ರಾಪ್ತಿಗೆ ದೂರಲು ಏನೂ ಸಿಗಲಿಲ್ಲ, ಸಂಕಟವೇ ಅದು.

ಆಗೆಲ್ಲ ಆಟಿ ತಿಂಗಳ, ಅಂದರೆ ಆಷಾಢದ ಸೇಲ್ ಎಂದರೆ ಇವರಿಬ್ಬರಿಗೂ ಹಬ್ಬ. ಕಂಪ್ಯೂಟರಿಗೆ ಹಾಕುವ ಮೊದಲು ಗಿರಾಕಿಗೆ ಬಾಯಲ್ಲೇ ಬೆಲೆ ಹೇಳಬೇಕೆಂಬುದು ಧಣಿಗಳ ನಿಯಮ. ಇಪ್ಪತ್ತು ಕಳೆದು ಮತ್ತೆ ಹತ್ತು ಎಂದರೆ ಪ್ರಾಪ್ತಿ ಮೂವತ್ತೆಂದು ಕೂಡಿಸಿಬಿಡುತ್ತಿದ್ದಳು. ಭವಿತ್ ಕೈಯಲ್ಲಿದ್ದ ಸೀರೆ ಬಿಟ್ಟು ಓಡಿಬರುತ್ತಿದ್ದ. ಕೌಂಟರಿಗೆ ಮೊಣಕೈಯೂರಿ, ಎರಡನೆಯದನ್ನು ಉಳಿದದ್ದರಲ್ಲಿ ಕಳೆಯಬೇಕು ಎಂದು ಹೇಳಿಕೊಡುತ್ತಿದ್ದ. ಅವನ ಕಿವಿಯ ಕೆಳಗಿನ ಮಚ್ಚೆ ಆಗ ಅಷ್ಟು ಹತ್ತಿರ ಕಾಣುತ್ತಿತ್ತು. ಇವಳು ಜಾಣೆಯಂತೆ ತಲೆಯಾಡಿಸಿ, ಮರುದಿನ ಮತ್ತೆ ತಪ್ಪುತ್ತಿದ್ದಳು. ನಿನ್ನ ತಲೆಯಲ್ಲಿ ಏನುಂಟು ಎಂದು ಅವನು ಕಾಡುತ್ತಿದ್ದ.

ಈಗಲೂ ಅದೇ ಮೊಣಕೈ ಕೌಂಟರಿನ ಮೇಲೆ ಬಂದಿತ್ತು. ಸೀರೆಗೆ ಹತ್ತು ಸಾವಿರ, ಇಪ್ಪತ್ತರ ಡಿಸ್ಕೌಂಟ್, ಕಾಗದದ ಹತ್ತು.

"ಏಳು ಸಾವಿರ," ಎಂದಳು ಪ್ರಾಪ್ತಿ.

ಭವಿತ್ ನಕ್ಕುಬಿಟ್ಟ. "ಇಪ್ಪತ್ತು ಹೋದರೆ ಎಂಟು ಸಾವಿರ. ಅದರಲ್ಲಿ ಎಂಟುನೂರು ಹೋದರೆ ಏಳು ಸಾವಿರದ ಇನ್ನೂರು. ಇನ್ನೂ ಕಲಿಯಲಿಲ್ವಾ ಮಾರಾಯ್ತಿ?"

ಹೇಳಬಾರದೆಂದು ಇಷ್ಟು ವರ್ಷ ಹಲ್ಲು ಕಚ್ಚಿ ಹಿಡಿದ ಮಾತು ಹೊರಗೆ ಬಂದೇಬಿಟ್ಟಿತು.

"ಆಗ ನನಗೆ ಲೆಕ್ಕ ಗೊತ್ತಿತ್ತು ಭವಿತ್. ದಿನಾ ಗೊತ್ತಿತ್ತು."

ಅವನ ನಗು ನಿಂತಿತು. ಕನ್ನಡಿಯ ಕಡೆಗೊಮ್ಮೆ, ಇವಳ ಕಡೆಗೊಮ್ಮೆ ನೋಡಿದ. ಮೊಣಕೈ ಮೆಲ್ಲಗೆ ಹಿಂದೆ ಸರಿಯಿತು.

"ಒಂದು ಮಾತು ಹೇಳಬಹುದಿತ್ತಲ್ಲ," ಎಂದ, ಧ್ವನಿ ತಗ್ಗಿಸಿ.

"ಕರೆಯದಿದ್ದರೂ ನೀನೇ ಬರ್ತಿದ್ದೆ. ನಿನಗೂ ಗೊತ್ತುಂಟು ಅಂತ ತಿಳ್ಕೊಂಡೆ."

ಅತ್ತಲಿಂದ ವಿಸ್ಮಿತಾ ಬಿಲ್ ಆಯಿತಾ ಎಂದು ಕೇಳಿದಳು. ಪ್ರಾಪ್ತಿ ಇನ್ನೂರು ಸೇರಿಸಿ ಬಿಲ್ ಮಾಡಿ, ಮದುವೆ ಕಾಗದವನ್ನು ಅದರ ಜೊತೆ ಮಡಚಿ ಕೊಟ್ಟಳು.

"ಹಾಗಾದರೆ ಈಗ ಏಳು ಸಾವಿರ ಅಂದದ್ದು?" ಎಂದ ಭವಿತ್.

"ಇವತ್ತು ನಿಜವಾಗಿ ತಪ್ಪಿತು," ಎಂದಳು ಅವಳು.