ಐದು ಎಸಳಿನ ಶಟರ್

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ದೂರು ಮೂರೇ ಸಾಲಿನದು, ಆದರೆ ಅದರ ಬೆನ್ನಿಗೆ ಒಂಬತ್ತು ಲಗತ್ತುಗಳಿದ್ದವು. ತಂದವರು ವಸ್ತುಸಂಗ್ರಹಾಲಯದ ಛಾಯಾಗ್ರಾಹಕರು. ಶಟರ್ ಕೂರಿಸಲು ಕೊಟ್ಟಿದ್ದ ಹಳೆಯ ಲೆನ್ಸ್ ಕಾಣೆಯಾಗಿದೆ, ಕಳುವಾಯಿತೆಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ, ಆಕೆಯೇ ಮಾರಿಕೊಂಡಿರುವರೆಂದು ತನ್ನ ಗುಮಾನಿ ಎಂದು ಅದರಲ್ಲಿತ್ತು.

ದೂರು ಬರೆದುಕೊಂಡ ಹೆಡ್ ಕಾನ್‌ಸ್ಟೇಬಲ್‌ಗೆ ಠಾಣೆಯಲ್ಲಿ ‘ಅಲ್ಪವಿರಾಮ’ ಎಂದೇ ಹೆಸರು. ಆಕೆ ಪಂಚನಾಮೆ ಬರೆಯಲು ಕೂತರೆ ಗೋಡೆಯ ಮೊಳೆ, ಮೊಳೆಗೆ ತೂಗಿದ ಚೀಲ, ಚೀಲದ ಹರಿದ ಹಿಡಿ ಎಂದು ವಾಕ್ಯ ಮುಗಿಯುತ್ತಲೇ ಇರಲಿಲ್ಲ. ಹಿಂದಿನ ವಾರವಷ್ಟೇ ಇನ್‌ಸ್ಪೆಕ್ಟರ್ ಅವಳ ಹನ್ನೊಂದು ಪುಟಗಳನ್ನು ತೂಗಿ ನೋಡಿ, “ಕಳುವಾಗಿದ್ದು ಸೈಕಲ್ಲೋ, ಊರೋ?” ಎಂದು ಕೇಳಿ ನಗಿಸಿದ್ದರು. ಅವಳು ನಕ್ಕಿರಲಿಲ್ಲ.

ಇನ್‌ಸ್ಪೆಕ್ಟರ್ ಪ್ರಶ್ನೆ ಶುರುಮಾಡಿದರು.

“ಲೆನ್ಸ್ ಎಷ್ಟು ದೊಡ್ಡದು?”

“ಹೆಚ್ಚೂಕಡಿಮೆ ತೆಂಗಿನಕಾಯಿಯಷ್ಟು ಸರ್. ದೊಡ್ಡ ಕ್ಯಾಮೆರಾದ್ದು. ಒಂದು ಹಾಳೆ ಫಿಲ್ಮ್ ಅಂದ್ರೆ ಪುಸ್ತಕದಷ್ಟು ಅಗಲ.”

“ಅದಕ್ಕೆ ಶಟರ್ ಇರಲಿಲ್ವಾ?”

“ನೂರು ವರ್ಷದ ಹಳೇದು ಸರ್. ಆಗೆಲ್ಲ ಮುಚ್ಚಳ ತೆಗೆದು, ಬಾಯಲ್ಲಿ ಎಣಿಸಿ, ಮತ್ತೆ ಮುಚ್ಚೋರು. ಆಸ್ಪತ್ರೆಯ ಹಳೇ ಎಕ್ಸ್‌ರೇ ಕ್ಯಾಮೆರಾದಿಂದ ಬಿಚ್ಚಿದ ಶಟರ್ ಒಂದಿದೆ, ಅದನ್ನೇ ಇದಕ್ಕೆ ಹೊಂದಿಸ್ತೀನಿ ಅಂದ್ರು ಆಕೆ. ಏಳು ತಿಂಗಳಾಯ್ತು. ಶನಿವಾರ ಹೋಗಿ ನೋಡಿದೆ, ಕೆಲಸ ಮುಗಿದಿತ್ತು. ಸೋಮವಾರ ಹೋದ್ರೆ ಇಲ್ಲ ಅಂತಾರೆ.”

“ಶನಿವಾರವೇ ತರಬಹುದಿತ್ತಲ್ಲ?”

“ಸ್ಕ್ರೂಗೆ ಹಾಕಿದ್ದು ಒಣಗಬೇಕು ಅಂದ್ರು. ಸರ್, ಶುಕ್ರವಾರ ಮಧ್ಯಾಹ್ನ ನಮ್ಮ ದೊಡ್ಡ ಗೋಡೆಯ ನಕ್ಷೇನ ಇಳಿಸ್ತಾರೆ. ಮುಟ್ಟಿದ್ರೆ ಉದುರೋ ಬಟ್ಟೆ ಅದು. ಅಷ್ಟರೊಳಗೆ ಫೋಟೋ ಆಗದಿದ್ರೆ ಇನ್ನು ಆಗಲ್ಲ.”

“ಲೆನ್ಸಿಗೆ ನಂಬರ್?”

ಉಜ್ಜಿ ಉಜ್ಜಿ ನಂಬರು ಅಳಿದುಹೋಗಿತ್ತು. ವಸ್ತುಸಂಗ್ರಹಾಲಯದ ದಾಖಲೆಯಲ್ಲಿ ಇದ್ದದ್ದು ಇಷ್ಟೇ: ‘ಹಿತ್ತಾಳೆ ಲೆನ್ಸ್, ದೊಡ್ಡದು, ಒಂದು.’

ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಂನಲ್ಲಿ ಮೆಕ್ಯಾನಿಕ್ ಹೆಸರು ಬಿತ್ತು.

ಹನ್ನೆರಡು ಹತ್ತಕ್ಕೆ ಸ್ಥಳ ಪಂಚನಾಮೆ. ದರ್ಜಿ ಅಂಗಡಿಯ ಮೇಲಿನ ಒಂದೇ ಕೋಣೆ. ಕಿಟಕಿಗೆ ಸರಳು, ಬಾಗಿಲಿನ ಬೀಗ ಸುಸ್ಥಿತಿಯಲ್ಲಿ. ಒಳಗೆ ಲೋಹ ಕಡೆಯುವ ಪುಟ್ಟ ಲೇತು, ಅದರಡಿ ಹಿತ್ತಾಳೆಯ ಸುರುಳಿ ಸಿಪ್ಪೆ. ಐವತ್ತರ ಆಸುಪಾಸಿನ ಆ ಹೆಂಗಸನ್ನು ಬೀದಿಯವರೆಲ್ಲ ‘ಶಟರಮ್ಮ’ ಎನ್ನುತ್ತಿದ್ದರು. ಕಣ್ಣು ಅತ್ತು ಕೆಂಪಾಗಿತ್ತು, ಮಾತು ಮಾತ್ರ ಗಟ್ಟಿಯಾಗಿತ್ತು.

“ಬೀಗ ಮುರಿದಿಲ್ಲ. ನಿಮ್ಮ ಮೇಲೇ ಬರುತ್ತೆ,” ಎಂದರು ಇನ್‌ಸ್ಪೆಕ್ಟರ್.

“ಗೊತ್ತು ಸರ್. ಆದ್ರೆ ಮಾರೋಳಾಗಿದ್ರೆ ಏಳು ತಿಂಗಳು ಯಾಕೆ ಕಣ್ಣು ಕಳ್ಕೋತಿದ್ದೆ? ಮೊದಲ ದಿನವೇ ಮಾರ್ತಿದ್ದೆ.”

ಅಲ್ಪವಿರಾಮ ಪ್ರತಿಯೊಂದು ಡ್ರಾಯರ್ ಎಳೆದು ಬರೆದುಕೊಳ್ಳುತ್ತಿದ್ದಳು. ಬೀರುವಿನಲ್ಲಿ ಇನ್ನೂ ಐದು ಲೆನ್ಸ್‌ಗಳಿದ್ದವು. ಎಲ್ಲವೂ ಹೊಳೆಯುವಂಥವು. ಒಂದನ್ನೂ ಯಾರೂ ಮುಟ್ಟಿರಲಿಲ್ಲ. ಮೇಜಿನ ಮೇಲೆ ನೇರಳೆ ಬಣ್ಣದ ನೇಲ್ ಪಾಲಿಶ್ ಬಾಟಲಿಯೊಂದಿತ್ತು. ಅವಳು ಶಟರಮ್ಮನ ಬೋಳು ಉಗುರುಗಳನ್ನು ನೋಡಿದಳು.

“ಇದು ಯಾಕಕ್ಕಾ?”

“ಸ್ಕ್ರೂ ಅಲ್ಲಾಡದಿರಲಿ ಅಂತ ಒಂದೊಂದು ಚುಕ್ಕೆ ಇಡ್ತೀನಿ. ಮಗಳ ಬಾಟಲಿ. ಈ ಬಣ್ಣ ಹಚ್ಚಿದ್ರೆ ಬೀದಿನಾಯಿನೂ ಬೊಗಳುತ್ತೆ ಅಂತ ನನಗೆ ಕೊಟ್ಟಳು.”

ಅದನ್ನೂ ಬರೆದುಕೊಂಡಳು. ಬರೆಯುತ್ತಲೇ ಕೇಳಿದಳು, “ಈ ಕೆಲಸ ಅಷ್ಟು ಕಷ್ಟವಾ?”

“ಶಟರಿನ ಹಿಂದೆ ಮುಂದೆ ಗಾಜು ಕೂರಬೇಕು. ಅವೆರಡರ ನಡುವಿನ ದೂರ ಕೂದಲೆಳೆಯಷ್ಟು ಹೆಚ್ಚು ಕಮ್ಮಿ ಆದ್ರೂ ಚಿತ್ರ ಮಸುಕು. ಒಂದರ ತಿರುಪು ಇನ್ನೊಂದಕ್ಕೆ ಹತ್ತಲ್ಲ. ಅದಕ್ಕೆ ನಡುವೆ ಲೇತಿನಲ್ಲಿ ಹಿತ್ತಾಳೆ ಬಳೆ ಕಡೆದು ಹಾಕ್ಬೇಕು. ಹದಿನೇಳು ಬಳೆ ಹಾಳುಮಾಡಿದೆ. ಹದಿನೆಂಟನೇದು ಕೂತಿತು.”

“ಆಗಲ್ಲ ಅಂದವರು ಯಾರಾದ್ರೂ ಇದ್ರಾ?”

“ಎಲ್ಲರೂ ಅಂದ್ರು. ಮೊದಲು ಅಂದವರು ನಮ್ಮ ಮೇಷ್ಟ್ರು. ನನಗೆ ಕೆಲಸ ಕಲಿಸಿದವರು. ಈ ಲೆನ್ಸ್ ಮೂವತ್ತು ವರ್ಷದ ಹಿಂದೆ ಅವರ ಹತ್ರಾನೇ ಬಂದಿತ್ತಂತೆ, ಆಗಲ್ಲ ಅಂತ ವಾಪಸ್ ಕಳಿಸಿದ್ರಂತೆ.”

“ಈ ಅಂಗಡಿ?”

“ಅವರಿಂದಲೇ ತಗೊಂಡಿದ್ದು.”

“ಬೀಗ?”

ಶಟರಮ್ಮ ಬಾಗಿಲಿನತ್ತ ತಿರುಗಿ ನೋಡಿದಳು. ಬೀಗ ಬದಲಾಯಿಸಿರಲಿಲ್ಲ. “ಅವರನ್ನ ಮಾತ್ರ ಇದರಲ್ಲಿ ತರಬೇಡಿ,” ಎಂದು ಬೇಡಿಕೊಂಡಳು.

ಕೆಳಗಿನ ದರ್ಜಿಯ ಹೇಳಿಕೆ ಎರಡು ಗಂಟೆಗೆ ದಾಖಲಾಯಿತು. ಭಾನುವಾರ ಮಧ್ಯಾಹ್ನ ಮೂರರ ಹೊತ್ತಿಗೆ, ಶಟರಮ್ಮನ ಅಂಗಡಿಗೆ ರಜೆಯಿದ್ದಾಗ, ಮೇಷ್ಟ್ರು ಮೆಟ್ಟಿಲು ಹತ್ತಿದ್ದನ್ನೂ ಬಗಲಲ್ಲಿ ಚೀಲ ಹಿಡಿದು ಇಳಿದದ್ದನ್ನೂ ಆತ ನೋಡಿದ್ದ.

“ಚೀಲದಲ್ಲೇನು ಅಂತ ಕೇಳಲಿಲ್ವಾ?”

“ಇಪ್ಪತ್ತು ವರ್ಷ ಅವರೇ ಸವೆಸಿದ ಮೆಟ್ಟಿಲು ಸರ್. ಕೇಳೋಕೆ ನಾನ್ಯಾರು?”

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ, ಶೋಧನಾ ವಾರಂಟ್ ಸಮೇತ, ಪೊಲೀಸರು ಮೇಷ್ಟ್ರ ಮನೆ ಬಾಗಿಲಲ್ಲಿ ನಿಂತರು. ಹಿಂದಿನ ಕೋಣೆಯ ಮೇಜಿನ ಮೇಲೆ ಟವೆಲು ಹೊದಿಸಿತ್ತು. ಎತ್ತಿದರೆ ಎರಡು ದಪ್ಪ ಗಾಜು, ಹಿತ್ತಾಳೆ ಬಳೆಗಳು, ಹೊಟ್ಟೆ ಬಿಚ್ಚಿದ ಶಟರ್, ಪಕ್ಕದಲ್ಲಿ ಬೆಳಕಿನ ದಾರಿ ತೆರೆದು ಮುಚ್ಚುವ, ಉಗುರಿಗಿಂತ ತೆಳುವಾದ ಐದು ಉಕ್ಕಿನ ಎಸಳು.

“ಯಾರದಿದು?”

“ನಂದೇ. ಗುಜರಿಯಲ್ಲಿ ಸಿಕ್ಕಿದ್ದು.” ಎಪ್ಪತ್ತು ದಾಟಿದ ಮುದುಕರ ದನಿ ಅಲುಗಲಿಲ್ಲ.

ಅಲ್ಪವಿರಾಮ ಮೇಜಿನ ಮೇಲಿದ್ದ ಸ್ಕ್ರೂಡ್ರೈವರನ್ನು ಬೆಳಕಿಗೆ ಹಿಡಿದಳು. ತುದಿಯಲ್ಲಿ ನೇರಳೆ ಬಣ್ಣದ ಚೂರು.

ಮೇಷ್ಟ್ರು ನಕ್ಕರು. “ನೇಲ್ ಪಾಲಿಶ್ ಊರಿಗೆಲ್ಲ ಒಂದೇ ಬಾಟಲಿನಾ ತಾಯಿ? ಇದು ಅದೇ ಲೆನ್ಸು ಅಂತ ತೋರಿಸಿ ನೋಡೋಣ.”

ಅವರ ಮಾತಿನಲ್ಲಿ ಹುರುಳಿತ್ತು. ನಂಬರಿಲ್ಲದ ಲೆನ್ಸು, ಗುರುತಿಲ್ಲದ ಗಾಜು. ಜಪ್ತಿ ಮಾಡಿ ಮೊಹರು ಹಾಕಿದರೂ ಇನ್‌ಸ್ಪೆಕ್ಟರ್ ಠಾಣೆಗೆ ಬರುವಷ್ಟರಲ್ಲಿ ಸಪ್ಪಗಾಗಿದ್ದರು. ಛಾಯಾಗ್ರಾಹಕರು ಬೇರೆ ಫೋನಿನ ಮೇಲೆ ಫೋನು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದರೂ ಅಲ್ಪವಿರಾಮ ಏಳಲಿಲ್ಲ. ಯಾರೂ ಓದದ ಆ ಒಂಬತ್ತು ಲಗತ್ತುಗಳನ್ನು ಒಂದೊಂದಾಗಿ ಓದುತ್ತ ಹೋದಳು. ನಾಲ್ಕನೆಯದು ಅಂಗೈ ಅಗಲದ ಚೀಟಿ. ಶನಿವಾರದ ದಿನಾಂಕ, ಶಟರಮ್ಮನ ಸಹಿ, ಅಕ್ಕಪಕ್ಕ ಎರಡೆರಡು ಅಂಕಿಗಳ ಐದು ಸಾಲು. ಅವಳು ಫೋನ್ ತೆಗೆದುಕೊಂಡಳು.

“ಅಕ್ಕಾ, ಈ ಚೀಟಿ ಏನು?”

“ಅದಾ? ಹಳೇ ಶಟರು ಗುರುತು ಹಾಕಿದಷ್ಟೇ ಹೊತ್ತು ತೆರೆಯಲ್ಲ. ಒಂದು ಸೆಕೆಂಡ್ ಅಂದ್ರೆ ಸ್ವಲ್ಪ ಜಾಸ್ತಿ, ಅರ್ಧ ಅಂದ್ರೆ ಇನ್ನೆಷ್ಟೋ. ಯಂತ್ರದಲ್ಲಿ ಅಳೆದು ನಿಜವಾದ ವೇಗ ಬರೆದು ಗಿರಾಕಿಗೆ ಕೊಡ್ತೀನಿ.”

“ಎರಡು ಶಟರಿಗೆ ಒಂದೇ ಅಂಕಿ ಬರಬಹುದಾ?”

“ಒಂದು ವೇಗಕ್ಕೆ ಬರಬಹುದು. ಐದಕ್ಕೂ ಬರಲ್ಲ. ಒಳಗಿನ ಚಕ್ರದ ಹಲ್ಲು ಒಂದೊಂದು ಶಟರಿನಲ್ಲಿ ಒಂದೊಂದು ಥರ ಸವೆದಿರುತ್ತೆ.”

“ಎಸಳು ಬಿಚ್ಚಿದ್ರೂ?”

“ವೇಗ ಇರೋದು ಹಲ್ಲಿನ ಚಕ್ರದ ಪೆಟ್ಟಿಗೆಯಲ್ಲಿ. ಅದನ್ನ ಬಿಚ್ಚಿದ್ದಾರಾ?”

ಅಲ್ಪವಿರಾಮ ತನ್ನದೇ ಜಪ್ತಿ ಪಂಚನಾಮೆಯ ಆರನೇ ಪುಟ ತಿರುವಿದಳು: ‘ಒಳಗಿನ ಪುಟ್ಟ ಪೆಟ್ಟಿಗೆ, ಎರಡು ಸ್ಕ್ರೂ, ಎರಡರ ಮೇಲೂ ನೇರಳೆ ಚುಕ್ಕೆ, ಒಡೆದಿಲ್ಲ.’

“ಇಲ್ಲಕ್ಕಾ.”

“ಹಾಗಾದ್ರೆ ಜೋಡಿಸಿ ತೋರಿಸ್ತೀನಿ. ಕರೀರಿ ಯಾರನ್ನ ಬೇಕಾದ್ರೂ.”

ಮ್ಯಾಜಿಸ್ಟ್ರೇಟರ ಅನುಮತಿ ಸಂಜೆ ಸಿಕ್ಕಿತು. ಗುರುವಾರ ಹನ್ನೊಂದಕ್ಕೆ ಠಾಣೆಯ ಉದ್ದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಇಬ್ಬರು ಪಂಚರ ಎದುರು ಮೊಹರು ಒಡೆಯಲಾಯಿತು. ಪಂಚರಲ್ಲೊಬ್ಬರು ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕರು. ಮೇಷ್ಟ್ರನ್ನೂ ಕರೆಸಲಾಗಿತ್ತು. ಚೀಟಿ ಇನ್‌ಸ್ಪೆಕ್ಟರ್ ಜೇಬಿನಲ್ಲಿತ್ತು.

ಶಟರಮ್ಮ ಕೂತಳು. ಮೊದಲ ಎಸಳು, ಎರಡನೆಯದು, ಮೂರು, ನಾಲ್ಕು. ಪ್ರತಿಯೊಂದೂ ಹಿಂದಿನದರ ಮೇಲೆ ಅರ್ಧ ಒರಗಿ ಮಲಗಿತು. ಫ್ಯಾನ್ ನಿಲ್ಲಿಸಿದ್ದರು. ಬೆವರು ಹುಬ್ಬಿನವರೆಗೆ ಬಂದು ನಿಂತಿತ್ತು. ಐದನೆಯದು ನಾಲ್ಕನೆಯದರ ಮೇಲೂ ಮೊದಲನೆಯದರ ಕೆಳಗೂ ಏಕಕಾಲಕ್ಕೆ ಕೂರಬೇಕಿತ್ತು. ಒಂದನ್ನು ಎತ್ತಿದರೆ ಉಳಿದವು ಜಾರುತ್ತಿದ್ದವು. ಅವಳು ತನ್ನ ಚೀಲದಿಂದ ತೆಳು ಕಾಗದದ ಪಟ್ಟಿಯೊಂದನ್ನು ತೆಗೆದು ಮೊದಲ ಎಸಳಿನಡಿ ತೂರಿಸಿ, ಅದನ್ನು ಕೊಂಚ ಎತ್ತಿ, ಐದನೆಯದನ್ನು ಕಾಗದದ ಮೇಲೆಯೇ ಒಳಗೆ ಜಾರಿಸಿ, ಪಟ್ಟಿಯನ್ನು ಮೆಲ್ಲನೆ ಎಳೆದುಕೊಂಡಳು.

“ಓ, ಕಾಗದ!” ಎಂದುಬಿಟ್ಟರು ಮೇಷ್ಟ್ರು.

ಎಲ್ಲರೂ ತಿರುಗಿ ನೋಡಿದರು.

ಮುಂದಿನದು ಅರ್ಧ ಗಂಟೆಯ ಕೆಲಸ. ಬಳೆ ಕೂತಿತು, ಗಾಜು ತಿರುಗಿ ಬಿಗಿಯಾಯಿತು. ಒಂದು ಬದಿಗೆ ದೀಪ, ಇನ್ನೊಂದು ಬದಿಗೆ ವೇಗ ಅಳೆಯುವ ಯಂತ್ರ. ಉಪನ್ಯಾಸಕರು ಅಂಕಿ ಓದಿದರು, ಅಲ್ಪವಿರಾಮ ಬರೆದಳು.

“ಒಂದು ಸೆಕೆಂಡ್: ಒಂದು ಪಾಯಿಂಟ್ ಒಂದು ನಾಲ್ಕು. ಅರ್ಧ: ಸೊನ್ನೆ ಪಾಯಿಂಟ್ ಆರು ಒಂದು. ಕಾಲು: ಸೊನ್ನೆ ಪಾಯಿಂಟ್ ಎರಡು ಏಳು...”

ಐದೂ ಮುಗಿದ ಮೇಲೆ ಇನ್‌ಸ್ಪೆಕ್ಟರ್ ಜೇಬಿನಿಂದ ಚೀಟಿ ತೆಗೆದು ಅವಳ ಹಾಳೆಯ ಪಕ್ಕ ಇಟ್ಟರು. ಬೆರಳಿಟ್ಟು ಒಂದೊಂದೇ ಸಾಲು ಇಳಿದರು. ಐದಕ್ಕೆ ಐದು. ಒಂದಂಕಿಯೂ ಆಚೀಚೆ ಇರಲಿಲ್ಲ.

“ಭಲೇ!” ಎಂದು ಮೇಜು ಕುಟ್ಟಿದವರು ಉಪನ್ಯಾಸಕರು. ಪಂಚರು ಹಾಗೆ ಕುಟ್ಟುವಂತಿಲ್ಲವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಠಾಣೆಯ ಬರಹಗಾರ ಚಪ್ಪಾಳೆ ತಟ್ಟಿದ. ಛಾಯಾಗ್ರಾಹಕರು ಎದ್ದು ಬಂದು ಶಟರಮ್ಮನ ಮುಂದೆ ಕೈಮುಗಿದು ನಿಂತರು.

“ತಪ್ಪಾಯ್ತಮ್ಮ. ಬಾಯಿಗೆ ಬಂದ ಹಾಗೆ ಬರೆದುಕೊಟ್ಟೆ.”

“ಬರೆದುಕೊಟ್ಟಿದ್ದು ಒಳ್ಳೇದೇ ಆಯ್ತು ಬಿಡಿ,” ಎಂದಳು ಅವಳು, ಸೆರಗಿನಲ್ಲಿ ಹುಬ್ಬು ಒರೆಸಿಕೊಳ್ಳುತ್ತ. “ಇಲ್ದಿದ್ರೆ ಇಷ್ಟು ಜನರ ಮುಂದೆ ನನ್ನ ಶಟರ್ ಯಾರು ಓಡಿಸಿ ನೋಡ್ತಿದ್ರು?”

ಇನ್‌ಸ್ಪೆಕ್ಟರ್ ಅಲ್ಪವಿರಾಮಳ ಹದಿನಾಲ್ಕು ಪುಟಗಳ ಪಂಚನಾಮೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. “ಇನ್ನು ಮುಂದೆ ಇವರ ಬರಹ ಯಾರಾದ್ರೂ ತೂಗಿದ್ರೆ ನನಗೆ ಹೇಳಿ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಈ ಸಲ ಅವಳು ನಕ್ಕಳು. ಮುಖ ಮರೆಸಿಕೊಳ್ಳಲು ಪೆನ್ನು ಹುಡುಕಿದಳು.

ಹನ್ನೆರಡು ನಲವತ್ತಕ್ಕೆ ಮೇಷ್ಟ್ರ ದಸ್ತಗಿರಿಯಾಯಿತು. ಎಫ್‌ಐಆರ್‌ನಲ್ಲಿದ್ದ ಶಟರಮ್ಮನ ಹೆಸರನ್ನು ಕೈಬಿಡುವ ವರದಿ ಅದೇ ಸಂಜೆ ಹೋಯಿತು. ನ್ಯಾಯಾಲಯದ ಆದೇಶದ ಮೇಲೆ ಲೆನ್ಸು ಶುಕ್ರವಾರ ಬೆಳಿಗ್ಗೆ ವಸ್ತುಸಂಗ್ರಹಾಲಯದ ವಶಕ್ಕೆ ಬಂತು. ನಕ್ಷೆ ಇಳಿಸಲು ಏಣಿ ತಂದವರು ಗೋಡೆಗೆ ಒರಗಿ ಕಾಯುತ್ತಿರುವಾಗಲೇ ಐದು ಎಸಳು ತೆರೆದು ಮುಚ್ಚಿದವು. ತೊಳೆದ ಫಿಲ್ಮಿನಲ್ಲಿ ನಕ್ಷೆಯ ನದಿಗಳ ಹೆಸರು ಕೂಡ ಓದಲು ಬರುತ್ತಿತ್ತು.

ಮೇಷ್ಟ್ರ ಹೇಳಿಕೆ ಅಲ್ಪವಿರಾಮಳ ಕೈಬರಹದಲ್ಲಿದೆ. ಅವರೇನೂ ಮುಚ್ಚಿಡಲಿಲ್ಲ. ಮಾರುವ ಯೋಚನೆ ಇರಲಿಲ್ಲ. ಭಾನುವಾರ ತಂದು, ಬಿಚ್ಚಿ ನೋಡಿ, ಸೋಮವಾರ ಬೆಳಗಾಗುವಷ್ಟರಲ್ಲಿ ಅಲ್ಲೇ ಇಟ್ಟು ಬರುವುದೆಂದುಕೊಂಡಿದ್ದರು. ಬಿಚ್ಚಿದ್ದಾಯಿತು, ಐದನೆಯ ಎಸಳು ಮಾತ್ರ ಕೂರಲೊಲ್ಲದು.

“ಶಿಷ್ಯೆ ತಾನೇ? ಹೇಗೆ ಮಾಡಿದೆಯಮ್ಮಾ ಅಂತ ಕೇಳಿದ್ರೆ ಹೇಳ್ತಿರಲಿಲ್ವಾ?” ಎಂದು ಅವಳು ಕೇಳಿದ್ದಳು.

“ಹೇಳ್ತಿದ್ದಳು. ಕೂರಿಸಿ, ಕಾಫಿ ಕೊಟ್ಟು ಹೇಳ್ತಿದ್ದಳು.” ಮುದುಕರು ಸಹಿ ಹಾಕಬೇಕಿದ್ದ ಹಾಳೆಯನ್ನು ತಮ್ಮತ್ತ ಎಳೆದುಕೊಂಡರು. “ಮೂವತ್ತು ವರ್ಷ ಆಗಲ್ಲ ಅಂದವನು ನಾನು ತಾಯಿ. ಕಳ್ಳ ಅನ್ನಿಸಿಕೊಳ್ಳೋದು ಅದಕ್ಕಿಂತ ಸುಲಭ ಅನ್ನಿಸ್ತು.”