ಅಪ್ಪನ ಕುರ್ಚಿಯ ಹಿಂದೆ ನಿಂತವನು

"ರೀ... ಅದು ನಮ್ಮಪ್ಪನ ಜಾಗ. ಏಳಿ!"

ಪಿಸುಮಾತಿನಲ್ಲಿ ಹೇಳಿದ್ದಾದರೂ ಮುಂದಿನ ಬೆಂಚಿನವರೆಲ್ಲ ತಿರುಗಿ ನೋಡಿದರು. ಅವಳ ಪಿಸುಮಾತೇ ಹಾಗೆ. ಅದಕ್ಕೇ ಮನೆಯಲ್ಲಿ ಅವಳಿಗೆ ಪಟಾಕಿ ಎಂದು ಹೆಸರು. ಇಟ್ಟವರು ಅಪ್ಪನೇ.

ಅಪ್ಪ ಹೋಗಿ ಇವತ್ತಿಗೆ ತಿಂಗಳು. ಅವರ ಆತ್ಮಶಾಂತಿಗಾಗಿ ಚರ್ಚಿನಲ್ಲಿ ಬಲಿಪೂಜೆ, ಅಂದರೆ ಮಾಸ್. ಐವತ್ತು ವರ್ಷ ಸಲೂನು ನಡೆಸಿ, ಮೂವರು ಮಕ್ಕಳನ್ನು ದಡ ಸೇರಿಸಿದ ಮನುಷ್ಯ. ಎಪ್ಪತ್ತು ದಾಟಿದ ಮೇಲೂ ಮಂಡಿಯೂರಿಯೇ ಪ್ರಾರ್ಥನೆ. ಮಂಡಿ ಲಟಲಟ ಎಂದರೆ "ದೇವರ ಮುಂದೆ ಎಂಥ ಮಂಡಿನೋವೇ?" ಎಂದು ನಗುತ್ತಿದ್ದರು. ಮೂರನೇ ಬೆಂಚಿನಲ್ಲಿ ಗೋಡೆ ಪಕ್ಕದ ಜಾಗ ಅವರದು. ಅಲ್ಲೀಗ ಯಾರೋ ಗುರುತು ಪರಿಚಯವಿಲ್ಲದವನು ಕೂತು, ಮನೆಯವರಿಗಿಂತ ಹೆಚ್ಚಾಗಿ ಅಳುತ್ತಿದ್ದಾನೆ!

ಅವನು ತಲೆಯೆತ್ತಿದ. ಕನ್ನಡಕದಂಗಡಿಯಲ್ಲಿ ದಿನವಿಡೀ ಜನರ ಕಣ್ಣು ಪರೀಕ್ಷಿಸುವುದೇ ಅವಳ ಕೆಲಸ. ಆದರೂ ಆ ಒದ್ದೆ ಕಣ್ಣುಗಳನ್ನು ನೋಡಿ ಅವಳ ಎದೆ ಧಸಕ್ಕೆಂದಿತು.

"ಅಪ್ಪನೇ ಹೇಳಿದ್ರು... ನಮ್ಮೂರಿಗೆ ಬಂದ್ರೆ ನನ್ನ ಜಾಗದಲ್ಲೇ ಕೂತ್ಕೋ ಅಂತ."

"ಯಾರಪ್ಪ?"

ಅವನು ಮುಂದೆ ಇಟ್ಟಿದ್ದ ಫೋಟೋದ ಕಡೆ ಕೈ ತೋರಿಸಿದ. "ನಮ್ಮಪ್ಪ."

ಪಟಾಕಿ ಅಲ್ಲೇ ಠುಸ್ ಆದಳು. ಬಲಿಪೂಜೆ ಮುಗಿಯುವಷ್ಟರಲ್ಲಿ ಅವನು ಹೊರಟುಹೋಗಿದ್ದ.

ಮರುದಿನ ಅಮ್ಮ ಇನ್ನೊಂದು ಬಾಂಬು ಹಾಕಿದಳು.

"ನಿನ್ನೆ ಚರ್ಚಲ್ಲಿ ಅಳ್ತಿದ್ನಲ್ಲ, ಸಲೂನಿನ ಬೀಗದ ಕೈ ಅವನಿಗೆ ಕೊಟ್ಟೆ ಕಣೇ. ಕಟಿಂಗ್ ಎಲ್ಲ ಕಲ್ತಿದ್ದಾನೆ. ನಿಮ್ಮಪ್ಪ ಕಣ್ಣು ಮುಚ್ಚೋ ಮುಂಚೆ ಹೇಳಿದ್ರು, ಅವನು ಬಂದೇ ಬರ್ತಾನೆ, ಬಂದಾಗ ಕೊಡು ಅಂತ."

"ಯಾರಮ್ಮಾ ಅವನು?"

"ನಿಮ್ಮಪ್ಪನಿಗೆ ತುಂಬ ಬೇಕಾದವನಂತೆ. ಅದಕ್ಕಿಂತ ಹೆಚ್ಚು ನಾನು ಕೇಳ್ಲಿಲ್ಲ." ಅಮ್ಮ ಮೂಗೊರೆಸುತ್ತಾ ಅಡುಗೆಮನೆಗೆ ಹೋಗಿಬಿಟ್ಟಳು.

ಪಟಾಕಿಗೆ ಕಾಲ ಕೆಳಗಿನ ನೆಲ ಅಲುಗಿದಂತಾಯಿತು. ಪ್ರತಿ ಶನಿವಾರ ಮಧ್ಯಾಹ್ನ ಅಪ್ಪ ಸಲೂನು ಮುಚ್ಚಿ, ಕತ್ತರಿ ಡಬ್ಬಿ ಹಿಡಿದು ಪಕ್ಕದೂರಿನ ಬಸ್ಸು ಹತ್ತುತ್ತಿದ್ದರು. 'ಅನಾಥಾಲಯದ ಮಕ್ಕಳಿಗೆ ಕ್ರಾಪು' ಎನ್ನುತ್ತಿದ್ದರು. ಯಾರೂ ಮರುಮಾತು ಕೇಳಿರಲಿಲ್ಲ. ಅಪ್ಪನನ್ನು ಅನುಮಾನಿಸುವುದುಂಟೇ? ಆದರೆ ಈಗ... ಛೀ, ಏನು ಯೋಚನೆ ಮಾಡ್ತಿದೀನಿ ನಾನು!

ಸಂಜೆ ಕೆಲಸ ಮುಗಿಸಿ ಸಲೂನಿನ ಬಾಗಿಲಲ್ಲಿ ನಿಂತವಳು ಮರಗಟ್ಟಿಹೋದಳು. ಅವನು ಅಪ್ಪನ ಕುರ್ಚಿಯ ಹಿಂದೆ ನಿಂತು, ಅಪ್ಪನ ಹಾಗೇ ಎಡಗೈಯಲ್ಲಿ ಕತ್ತರಿ ಹಿಡಿದಿದ್ದ. ಹಣೆಗೆ ಶಿಲುಬೆ ಗುರುತು ಹಾಕಿಕೊಂಡೇ ಗಿರಾಕಿಯ ತಲೆ ಮುಟ್ಟಿದ. ಅದೂ ಅಪ್ಪನ ಹಾಗೇ!

ಜಗಳ ಆಡಲೆಂದೇ ಹೋಗಿದ್ದಳು. ಆದರೆ ಗಿರಾಕಿ ಪಕ್ಕದ ಮನೆಯವರ ಚಾಡಿ ಶುರು ಮಾಡಿದ್ದೇ ತಡ, ಅವನು ಕತ್ತರಿಯನ್ನು ಗಾಳಿಯಲ್ಲೇ ಕಚಕಚ ಆಡಿಸತೊಡಗಿದ.

"ಇದೇನ್ರೀ?" ಗಿರಾಕಿ ಹೋದ ಮೇಲೆ ಕೇಳಿದಳು.

"ಅಪ್ಪ ಕಲಿಸಿದ್ದು. ಯಾರಾದ್ರೂ ಚಾಡಿ ಹೇಳಿದ್ರೆ ಕತ್ತರಿ ಸದ್ದು ಜೋರು ಮಾಡು, ಕಿವಿಗೆ ಪಾಪ ಬೀಳಲ್ಲ ಅಂತಿದ್ರು."

ಅವಳಿಗೆ ನಗು ಬಂದುಬಿಟ್ಟಿತು. ಅಪ್ಪ ಹೋದ ಮೇಲೆ ಮೊದಲ ಸಲ ನಕ್ಕಿದ್ದಳು. ಅವನೂ ನಕ್ಕ. ಆ ನಗುವೇ ಅವಳಿಗೆ ಮುಳುವಾಯಿತು.

ಆಮೇಲೆ ದಿನಾ ಸಂಜೆ ಏನಾದರೊಂದು ನೆಪ. ಕನ್ನಡಿ ಒರೆಸಿದ್ರಾ, ಟವೆಲ್ ಒಗೆದ್ರಾ... ಅವನು ಅಪ್ಪನ ಕಥೆ ಹೇಳುತ್ತಿದ್ದ, ಅವಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಮನೆಗೆ ಬಂದ ಮೇಲೆ ಅದೇ ಯೋಚನೆ. ಇವನನ್ನು ಕಂಡರೆ ಜೀವ ಹಾರುತ್ತದೆ. ಆದರೆ ಇವನು ನಿಜವಾಗಿಯೂ ಅಪ್ಪನ ಮಗನೇ ಆಗಿದ್ದರೆ? ದೇವರೇ, ಹಾಗೆ ಮಾತ್ರ ಆಗದಿರಲಿ!

ಒಂದು ಸಂಜೆ ಬಾಚಣಿಗೆ ಕೊಡುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಬಿಡಲಿಲ್ಲ. ಕ್ಷಣ ಕಳೆದು ಅವನು ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಂಡ.

"ಬೇಡ... ಇದು ಪಾಪ. ನೀವು ನಂಗೆ ತಂಗಿ ಆಗ್ಬೇಕು."

ಮುಗಿಯಿತು! ಅವನ ಬಾಯಿಂದಲೇ ಬಂತು!

ಅವತ್ತು ಮನೆಯಲ್ಲಿ ಜಪಸರದ ಪ್ರಾರ್ಥನೆಗೆ ಕೂತಾಗ ಅವಳು ಅರ್ಧರ್ಧ ಸಾಲು ಬಿಟ್ಟು ಹೇಳತೊಡಗಿದಳು.

"ಏನೇ, ಪ್ರಾರ್ಥನೆ ನುಂಗ್ತಾ ಇದ್ದೀಯ?" ಅಮ್ಮ ಗದರಿದಳು.

ಇವಳನ್ನು ಹೇಗೆ ಕೇಳಲಿ? ಗಂಡನನ್ನು ದೇವರಂತೆ ನಂಬಿದವಳು. ಪಟಾಕಿ ಗೋಡೆಯ ಮೇಲಿನ ಫೋಟೋ ನೋಡಿದಳು. ಅಪ್ಪಾ, ಜೀವಮಾನವಿಡೀ ಮಂಡಿಯೂರಿದ್ದು ಈ ತಪ್ಪಿಗಾ? ನಂಗೆ ನೀನೂ ಬೇಕು, ಅವನೂ ಬೇಕು... ಇಬ್ಬರನ್ನೂ ಒಟ್ಟಿಗೇ ಕಳೆದುಕೊಂಡೆನಲ್ಲಪ್ಪಾ!

ಬೆಳಿಗ್ಗೆ ಏನಾದರಾಗಲಿ ಎಂದು ನೇರ ಸಲೂನಿಗೆ ನುಗ್ಗಿದಳು. ಕುರ್ಚಿಯಲ್ಲಿ ಮುಖದ ತುಂಬ ಸೋಪಿನ ನೊರೆ ಹಚ್ಚಿಸಿಕೊಂಡು ಯಾರೋ ಕೂತಿದ್ದರು. ಇರಲಿ, ಯಾರಾದರೆ ಏನು?

"ಹೇಳಿ! ನಿಮ್ಮ ತಾಯಿ ಯಾರು? ನಮ್ಮಪ್ಪನಿಗೂ ಅವರಿಗೂ..." ಅಷ್ಟರಲ್ಲಿ ಅಳು ಬಂತು.

ಅವನ ಕೈಯ ರೇಜರ್ ಗಾಳಿಯಲ್ಲೇ ನಿಂತಿತು. ಅವಳ ಮಾತು ಅರ್ಥವಾಗುತ್ತಿದ್ದಂತೆ ಮುಖ ಬಿಳಿಚಿಕೊಂಡಿತು.

"ಛೆ ಛೆ! ಏನ್ ಮಾತಾಡ್ತೀರಿ! ನನ್ನ ಹೆತ್ತೋರು ಯಾರೂಂತ ನಂಗೇ ಗೊತ್ತಿಲ್ಲ. ಅನಾಥಾಲಯದ ಬಾಗಿಲಲ್ಲಿ ಬಿಟ್ಟು ಹೋಗಿದ್ರು. ತಲೆಗೆ ನೀರು ಹಾಕಿ ಹೆಸರಿಡೋ ಜ್ಞಾನಸ್ನಾನದ ದಿನ ನನ್ನ ಹೊಣೆ ಹೊತ್ತು, ಎತ್ಕೊಂಡು ನಿಲ್ಲೋಕೆ ಒಬ್ರೂ ಇರ್ಲಿಲ್ಲ. ಮಕ್ಕಳಿಗೆ ಕ್ರಾಪ್ ಮಾಡ್ತಿದ್ದ ಅಪ್ಪ, ಮೈಮೇಲಿನ ಕೂದಲು ಕೊಡವಿಕೊಂಡು, ನಾನಿದೀನಿ ಕೊಡಿ ಅಂತ ಬಂದ್ರಂತೆ. ಅವರು ನನ್ನ ಜ್ಞಾನಸ್ನಾನದ ತಂದೆ!"

"ಮತ್ತೆ... ತಂಗಿ ಅಂದ್ರಲ್ಲ?"

"ಜ್ಞಾನಸ್ನಾನದ ತಂದೆಯ ಮಗಳು ತಂಗೀನೇ ತಾನೆ? ಮದುವೆ ಆಗೋ ಹಾಗಿಲ್ಲ, ಮಹಾಪಾಪ ಅಂತ ಅನಾಥಾಲಯದ ಅಡುಗೆಯಮ್ಮ ಹೇಳಿದ್ರು."

ಮದುವೆ! ಅವಳ ಕಿವಿ ಕೆಂಪಾಯಿತು. ಅವನು ತುಟಿ ಕಚ್ಚಿಕೊಂಡ.

"ಅಡುಗೆಯಮ್ಮ ಚರ್ಚಿನ ಕಾನೂನು ಯಾವಾಗ ಓದಿದ್ಲಪ್ಪಾ?" ನೊರೆಯೊಳಗಿಂದ ದನಿ ಬಂತು. ಅಯ್ಯೋ, ಕೂತಿರುವುದು ಫಾದರ್! "ಯಾವುದೋ ಹಳೇ ಕಾಲದಲ್ಲಿ ಅಂಥದ್ದೊಂದು ನಿಯಮ ಇತ್ತು. ಈಗ ಇಲ್ಲ. ನೀವಿಬ್ರೂ ಮದುವೆ ಆಗೋದಾದ್ರೆ ನಾನೇ ಮಾಡಿಸ್ತೀನಿ. ಸದ್ಯ ಈ ಅರ್ಧ ಗಡ್ಡ ಮುಗಿಸು ಮಾರಾಯ, ಆಮೇಲೆ ಇಬ್ರೂ ಕೂತು ಅಳಿ!"

ಫಾದರ್ ಗಡ್ಡ ಮುಗಿಸಿಕೊಂಡು ಹೋದರು.

"ಅಂಥ ಅಪ್ಪನ್ನ ಅನುಮಾನಿಸಿಬಿಟ್ಟೆ..." ಅವಳು ಬಿಕ್ಕಿದಳು. "ಯಾರೂ ಇಲ್ಲದ ಮಗೂನ ಎತ್ಕೊಂಡೋರನ್ನ!"

"ನಾನೇನು ಕಡಿಮೇನಾ? ನೀವು ಕಾಲೇಜಲ್ಲಿದ್ದಾಗ ಒಂದ್ಸಲ ಅಪ್ಪ ನಿಮ್ಮನ್ನ ಅನಾಥಾಲಯಕ್ಕೆ ಕರ್ಕೊಂಡು ಬಂದಿದ್ರು. ನೀವು ನನ್ನ ನೋಡಿರಲ್ಲ. ದೂರದಿಂದ ನೋಡಿದೆ, ಮನಸ್ಸು ಹೋಯ್ತು. ಅದು ಪಾಪ ಅಂತ ಹೆದರಿ ಆಮೇಲೆ ನಿಮ್ಮ ಮನೆ ಹೊಸ್ತಿಲೇ ತುಳೀಲಿಲ್ಲ. ಮನೆಗೆ ಬಾರೋ, ಬಾರೋ ಅಂತ ಅಪ್ಪ ಎಷ್ಟು ಸಲ ಕರೆದ್ರು! ಹಾಸಿಗೆ ಹಿಡಿದಾಗ್ಲೂ ನಾನು ಬರ್ಲಿಲ್ಲ. ಇಲ್ಲದ ಪಾಪಕ್ಕೆ ಹೆದರಿ... ಬೇಜಾರು ಮಾಡ್ಕೊಂಡೇ ಹೋದ್ರೋ ಏನೋ..." ಅವನ ದನಿ ಒಡೆಯಿತು.

"ಬೇಜಾರಿದ್ದಿದ್ರೆ ಅವನು ಬಂದೇ ಬರ್ತಾನೆ ಅಂತ ಅಮ್ಮನಿಗೆ ಹೇಳ್ತಿದ್ರಾ?"

ಅವನು ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತ. ಅವಳು ಹತ್ತಿರ ಹೋಗಿ ಅವನ ಕೈ ಹಿಡಿದಳು. ಈ ಸಲ ಅವನು ಎಳೆದುಕೊಳ್ಳಲಿಲ್ಲ.

"ಸಂಜೆ ಮನೆಗೆ ಬನ್ನಿ."

"ಏನಂತ ಬರ್ಲಿ?"

"ಅಳಿಯ ಅಂತ ಬನ್ನಿ! ಎಲ್ಲಾ ನಾನೇ ಹೇಳ್ಕೊಡ್ಬೇಕಾ?"

ಅವನು ಕಣ್ಣೀರಿನಲ್ಲೇ ನಕ್ಕ. ಮರುಕ್ಷಣ ಮುಖ ಸಪ್ಪಗಾಯಿತು.

"ಆಮೇಲೆ ಅವರನ್ನ ಮಾವ ಅನ್ಬೇಕಾಗತ್ತಲ್ವಾ... ನಂಗೆ ಇದ್ದದ್ದು ಅವರೊಬ್ರೇ ಅಪ್ಪ."

ಅವಳು ಅವನ ಕೆನ್ನೆ ಒರೆಸಿದಳು.

"ಅಪ್ಪ ಅಂತಾನೇ ಅನ್ನಿ. ನಂಗೇನೂ ಹೊಟ್ಟೆಕಿಚ್ಚಿಲ್ಲ."