ಮುತ್ತಜ್ಜಿಯ ಕಲ್ಲಿಗೆ ಹಿಡಿದ ಕಾಗದ

ಅಕ್ಕನ ಹೃದಯದ ಕಾಯಿಲೆ ವಂಶದಿಂದಲೇ ಬಂದಿರಬೇಕು, ಹಿಂದಿನ ಹೆಂಗಸರು ಯಾವ ವಯಸ್ಸಿಗೆ ತೀರಿಕೊಂಡರೆಂದು ತಿಳಿದು ಬನ್ನಿ ಎಂದರು ಡಾಕ್ಟರು. ಹೇಳಬಲ್ಲವರೆಲ್ಲ ಸ್ಮಶಾನದಲ್ಲೇ ಇದ್ದುದರಿಂದ ಒಂದು ಮಧ್ಯಾಹ್ನ ಅಲ್ಲಿಗೇ ಹೋದೆವು.

ಮುತ್ತಜ್ಜಿಯ ಸಮಾಧಿಕಲ್ಲಿನ ಅಕ್ಷರಗಳು ಸವೆದಿದ್ದವು. ಅಕ್ಕ ಅದರ ಮೇಲೆ ತೆಳು ಕಾಗದವನ್ನು ಅಂಗೈಯಿಂದ ಒತ್ತಿ ಹಿಡಿದಳು. ನಾನು ಇದ್ದಿಲು ಉಜ್ಜತೊಡಗಿದೆ. ಹೆಸರು ಮೂಡಿತು. ನೆರಳಲ್ಲಿದ್ದರೂ ಕಲ್ಲು ಬೆಚ್ಚಗಿತ್ತು.

"ಸಾಕು ನಿಲ್ಲಿಸೋ, ಕಾಗದ ಹರಿದುಹೋಗುತ್ತೆ," ಎಂದಳು ಅಕ್ಕ.

"ನಿಲ್ಲಿಸಿ ಆಗಲೇ ಎಷ್ಟೊತ್ತಾಯ್ತು, ಅಕ್ಕ."

ಉಜ್ಜುವ ಸದ್ದು ಮಾತ್ರ ನಿಂತಿರಲಿಲ್ಲ. ಕಾಗದ ಕಿತ್ತುಕೊಂಡು ಓಡಿಬಂದೆವು.

ವಯಸ್ಸು ಮೂಡಿರಲೇ ಇಲ್ಲ. ಮನೆಗೆ ಬಂದು ಕಾಗದ ಮಗುಚಿದೆ. ಕಲ್ಲಿಗೆ ತಾಗಿದ್ದ ಮಗ್ಗುಲಿಗೂ ಯಾರೋ ಇದ್ದಿಲು ಉಜ್ಜಿದ್ದರು. ಅಲ್ಲಿ ಅಕ್ಕನ ಅಂಗೈ ರೇಖೆಗಳು ಒಂದೂ ಬಿಡದೆ ಮೂಡಿದ್ದವು.